ಅತ್ತಿಗೆ ಎಳೆದ ಗೆರೆ

ನೆಂಟರ ಮನೆಗೆ ನನ್ನ ಅತ್ತಿಗೆ ಬಂದ್ರೆ ಸಾಕು, ಅಕ್ಕಪಕ್ಕದ ಕುರ್ಚಿಗಳು ಆಚೆ ಸರಿದುಬಿಡ್ತವೆ. ಗಂಡನ್ನ ಸಾವಿನ ಬಾಯಿಗೆ ಕಳಿಸಿದೋಳು ಅಂತ ಹಿಂದೆ ಗುಸುಗುಸು. ನಾನು ಹಲ್ಲು ಕಚ್ಚಿಕೊಂಡು ಕೂತಿರ್ತೀನಿ. ಅಮ್ಮ ಇರೋವರೆಗೂ ಬಾಯಿ ಬಿಡಲ್ಲ ಅಂತ ಅತ್ತಿಗೆಗೆ ಮಾತು ಕೊಟ್ಟಿದ್ದೆ. ಈಗ ಅಮ್ಮ ಹೋಗಿ ವರ್ಷ ಕಳೀತು. ಇನ್ನು ನನ್ನ ಕೈಲಾಗಲ್ಲ, ಹೇಳಿಬಿಡ್ತೀನಿ. ಕೇಳಿದ ಮೇಲೂ ಯಾರಿಗಾದ್ರೂ ಕುರ್ಚಿ ಸರಿಸಬೇಕು ಅನ್ನಿಸಿದ್ರೆ ಧಾರಾಳವಾಗಿ ಸರಿಸ್ಕೊಳ್ಳಲಿ, ಅಂಥವರ ಪಕ್ಕ ಕೂರೋ ಹಣೆಬರಹ ನಮಗೂ ಬೇಡ.

ನಾನು ಹೊಲಿಗೆಯವಳು. ಹೊಸ ಬಟ್ಟೆ ಹೊಲಿಯಲ್ಲ, ಹಳೇದನ್ನ ಸರಿ ಮಾಡ್ತೀನಿ. ಪ್ಯಾಂಟು ಗಿಡ್ಡ ಮಾಡೋದು, ಜಿಪ್ ಬದಲಾಯಿಸೋದು, ಮೈ ಬಂದವರ ಕೋಟು ಬಿಚ್ಚಿ ಅಗಲ ಮಾಡೋದು, ಇಂಥದ್ದು. ಅಂಗಡಿ ಇಳಿಜಾರು ಬೀದಿಯ ಬುಡದಲ್ಲಿದೆ. ಅಮ್ಮನ ಮನೆ ಅದೇ ಬೀದಿಯ ಮೇಲ್ತುದಿಯಲ್ಲಿ, ಒಂದು ಓಣಿಯ ಒಳಗೆ. ಅಣ್ಣ, ಅತ್ತಿಗೆ, ಅಮ್ಮ ಮೂವರೂ ಅಲ್ಲಿದ್ರು. ಅಣ್ಣ ನನ್ನನ್ನ ಕತ್ತರಿ ಅಂತ ಕರೀತಿದ್ದ. ಕೈಯಲ್ಲಿರೋ ಕತ್ತರಿಗಲ್ಲ, ಬಾಯಲ್ಲಿರೋದಕ್ಕೆ.

ಅತ್ತಿಗೆ ಮದುವೆಯಾಗಿ ಬಂದಾಗ ಅವರ ಕೆಲಸ ಏನು ಅನ್ನೋದೇ ನಮಗೆ ಅರ್ಥ ಆಗಿರಲಿಲ್ಲ. ನಿಂತ್ಕೊಂಡು ಹೋಗೋ ಕರೆಂಟಿನ ಸ್ಕೂಟರ್ ಇರುತ್ತಲ್ಲ, ಬೀದಿ ಮೂಲೆಯಲ್ಲಿ ಸಾಲಾಗಿ ನಿಲ್ಲಿಸಿರ್ತಾರೆ, ಫೋನಿಂದ ಬೀಗ ತೆಗೆದು ಹತ್ತಿಕೊಂಡು ಹೋಗಿ ಇನ್ನೊಂದು ಮೂಲೆಯಲ್ಲಿ ಬಿಟ್ಟು ಹೋಗೋದು. ಅದನ್ನ ಬಾಡಿಗೆಗೆ ಬಿಡೋ ಕಂಪನಿಯಲ್ಲಿ ಅವರು ಪ್ರಾಡಕ್ಟ್ ಮ್ಯಾನೇಜರು. ಸ್ಟ್ಯಾಂಡು ಎಲ್ಲಿರಬೇಕು, ಯಾವ ಬೀದಿಯಲ್ಲಿ ಗಾಡಿ ಎಷ್ಟು ಜೋರಾಗಿ ಓಡಬೇಕು, ಫೋನಲ್ಲಿ ಏನು ಕಾಣಬೇಕು, ಎಲ್ಲ ಅವರೇ ತೀರ್ಮಾನ ಮಾಡೋದು. ಅದೂ ತಮಗೆ ತೋಚಿದ ಹಾಗಲ್ಲ. ಗಾಡಿಗಳು ತಾವೇ ಕಳಿಸೋ ಡೇಟಾ ಇರುತ್ತಂತೆ, ಎಲ್ಲಿ ಓಡಿತು, ಎಲ್ಲಿ ಬ್ರೇಕ್ ಹಿಡೀತು, ಎಲ್ಲಿ ಬಿತ್ತು ಅಂತ. ಅದನ್ನ ನೋಡಿ.

"ಅಂದ್ರೆ ಯಾರು ಎಲ್ಲಿಗೆ ಹೋದ್ರು ಅಂತ ದಿನವಿಡೀ ಕೂತು ನೋಡೋದಾ?" ಅಂದ್ಲು ಅಮ್ಮ. "ಅದನ್ನ ನಮ್ಮ ಎದುರು ಮನೆಯವಳು ಪುಕ್ಕಟೆ ಮಾಡ್ತಾಳಲ್ಲೇ."

ಅತ್ತಿಗೆ ಬಿದ್ದೂ ಬಿದ್ದೂ ನಕ್ರು. "ಯಾರು ಅಂತ ನಂಗೆ ಗೊತ್ತಾಗಲ್ಲ ಅತ್ತೆ. ಬರೀ ಚುಕ್ಕೆ ಕಾಣುತ್ತೆ."

ಆ ಕೆಲಸದ ಚಾಳಿ ಮನೆಗೂ ಬಂತು. ಒಂದು ವಾರ ಅಮ್ಮ ಅಡುಗೆಮನೆಯಲ್ಲಿ ಯಾವ ಡಬ್ಬ ಎಷ್ಟು ಸಲ ತೆಗೀತಾಳೆ ಅಂತ ಗಮನಿಸಿ, ಹೆಚ್ಚು ಬೇಕಾದದ್ದು ಕೈಗೆ ಸಿಗೋ ಹಾಗೆ, ಕಮ್ಮಿ ಬೇಕಾದದ್ದು ಮೇಲಿನ ಹಲಗೆಗೆ, ಹೀಗೆ ಎಲ್ಲ ಜೋಡಿಸಿಟ್ರು. ಮಾರನೇ ದಿನ ಅಮ್ಮನಿಗೆ ಉಪ್ಪೇ ಸಿಗಲಿಲ್ಲ. ಮೂಗಿನ ಕೆಳಗೇ ಇತ್ತು, ಆದ್ರೂ ಸಿಗಲಿಲ್ಲ. "ನನ್ನ ಕೈಗೆ ಜಾಗ ಗೊತ್ತು, ಕಣ್ಣಿಗಲ್ಲ!" ಅಂತ ಕೂಗಾಡಿ, ಮಧ್ಯಾಹ್ನದೊಳಗೆ ಎಲ್ಲ ಮೊದಲಿನಂತೆ ಇಟ್ಟುಬಿಟ್ಲು. ಅಣ್ಣ ಬಾಗಿಲಲ್ಲಿ ನಿಂತು ಇಬ್ಬರನ್ನೂ ರೇಗಿಸಿದ್ದೇ ರೇಗಿಸಿದ್ದು. ಅತ್ತೆ ಸೊಸೆ ಜಗಳ ಅಂದ್ರೆ ನಮ್ಮ ಮನೆಯಲ್ಲಿ ಇಷ್ಟೇ ಇದ್ದದ್ದು. ನಿಜವಾಗಿ ಹೇಳಬೇಕಂದ್ರೆ ಅಮ್ಮ ನನಗಿಂತ ಅವರನ್ನೇ ಹೆಚ್ಚು ಹಚ್ಕೊಂಡಿದ್ಲು. ನಂಗೆ ಹೊಟ್ಟೆಕಿಚ್ಚೂ ಆಗ್ತಿತ್ತು.

ಆ ಇಳಿಜಾರು ಬೀದಿ ಇದೆಯಲ್ಲ, ಅದರ ನಡುವೆ ಒಂದು ತಿರುವು. ಮೇಲಿಂದ ಜೋರಾಗಿ ಬಂದ ಸ್ಕೂಟರು ಅಲ್ಲಿ ಜಾರೋದು. ಒಂದು ಸಂಜೆ ಅಮ್ಮ ತರಕಾರಿ ಚೀಲ ಹಿಡ್ಕೊಂಡು ಹತ್ತಿ ಬರ್ತಿದ್ದಾಗ ಕಣ್ಣೆದುರೇ ಒಬ್ಬ ಹುಡುಗಿ ಬಿದ್ದು ಗದ್ದ ಒಡ್ಕೊಂಡ್ಲು. ಅಮ್ಮ ತನ್ನ ಸೆರಗಲ್ಲೇ ರಕ್ತ ಒತ್ತಿ ಹಿಡಿದು, ಆಂಬುಲೆನ್ಸ್ ಬರೋವರೆಗೂ ಆ ಹುಡುಗಿಯ ತಲೆ ತೊಡೆ ಮೇಲಿಟ್ಟುಕೊಂಡು ಕೂತಿದ್ಲು. ಮನೆಗೆ ಬಂದವಳೇ ಸೊಸೆ ಮೇಲೆ ಹರಿಹಾಯ್ದಳು.

"ನಿಮ್ಮ ಸ್ಕೂಟರಿಗೆ ಒಂದು ಮೂಗುದಾರ ಹಾಕ್ಸೇ! ನನ್ನ ಮಗನೂ ದಿನಾ ಅದರಲ್ಲೇ ಆ ಇಳಿಜಾರು ಇಳಿಯೋದು. ನಾಳೆ ಅವನೂ ಹೀಗೇ ಬಿದ್ರೆ?"

ಅಣ್ಣ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸೋ ಕೆಲಸ ಮಾಡ್ತಿದ್ದ. ದಿನಾ ತಡ. ಹುಟ್ಟಿದ್ದೂ ತಡವಾಗಿ, ಡಾಕ್ಟರು ಕಾದು ಕಾದು ಮನೆಗೆ ಹೋಗಿದ್ರಂತೆ. ಬೆಳಿಗ್ಗೆ ಬಾಯಲ್ಲಿ ತಿಂಡಿ ಇಟ್ಟುಕೊಂಡೇ ಓಡಿ, ಮೂಲೆಯ ಸ್ಟ್ಯಾಂಡಿನಿಂದ ಹೆಂಡತಿಯ ಕಂಪನಿಯ ಸ್ಕೂಟರು ಹತ್ತಿ ಇಳಿಜಾರಲ್ಲಿ ಜಾರಿಕೊಂಡು ಹೋಗೋದು ಅವನ ನಿತ್ಯದ ಪದ್ಧತಿ.

ಅಮ್ಮ ಹೇಳಿದ್ದು ಅತ್ತಿಗೆಗೆ ನಾಟಿತು. ಅವರ ಕಂಪ್ಯೂಟರಿನ ನಕ್ಷೆಯಲ್ಲಿ ಗಾಡಿ ಬಿದ್ದ ಕಡೆಯೆಲ್ಲ ಕೆಂಪು ಚುಕ್ಕೆ ಬರುತ್ತಂತೆ, ಇಳಿಜಾರು ಬೀದಿಯಂತೂ ಕೆಂಪೋ ಕೆಂಪು. ಆ ಬೀದಿ ಸುತ್ತ ಒಂದು ಗೆರೆ ಎಳೆದ್ರು. ಗೆರೆಯೊಳಗೆ ಬಂದ ತಕ್ಷಣ ಗಾಡಿ ತಾನೇ ನಿಧಾನ ಆಗಬೇಕು, ಮನುಷ್ಯ ನಡೆಯೋವಷ್ಟು. ನೀವು ಎಷ್ಟೇ ಒತ್ತಿ, ಜಪ್ಪಯ್ಯ ಅಂದ್ರೂ ಅದಕ್ಕಿಂತ ಜೋರಾಗಲ್ಲ. ಅಮ್ಮ ತರಕಾರಿ ಅಂಗಡಿಯವನಿಂದ ಹಿಡಿದು ಹಲ್ಲಿನ ಡಾಕ್ಟರವರೆಗೆ ಎಲ್ಲರಿಗೂ ಸಾರಿಕೊಂಡು ಬಂದ್ಲು, "ಒಂದು ಮಾತು ಹೇಳಿದ್ದಕ್ಕೆ ನನ್ನ ಸೊಸೆ ಊರ ಸ್ಕೂಟರಿಗೆಲ್ಲ ಮೂಗುದಾರ ಹಾಕ್ಸಿದ್ಲು" ಅಂತ.

ಕೆಂಪು ಚುಕ್ಕೆ ಮಾಯವಾದವು. ಆಫೀಸಿನಲ್ಲಿ ಚಪ್ಪಾಳೆ. ಮೇಲಿನಿಂದ ಕೆಳಕ್ಕೆ ಇಳಿದ ಆ ಗ್ರಾಫನ್ನ ಗೋಡೆಯ ದೊಡ್ಡ ಪರದೆ ಮೇಲೆ ಎಲ್ಲರಿಗೂ ಕಾಣೋ ಹಾಗೆ ಹಾಕಿದ್ರಂತೆ. ಗೆರೆ ಎಳೆದ ಮೊದಲ ದಿನ ಅಣ್ಣ ಮನೆಗೆ ಬಂದು ಅತ್ತಿಗೆ ಹತ್ರ, "ನಿನ್ನ ಬೀದಿಯಲ್ಲಿ ಕೋಲು ಊರಿಕೊಂಡು ಹೋಗೋ ತಾತ ನನ್ನನ್ನ ಹಿಂದೆ ಹಾಕಿ ಟಾಟಾ ಮಾಡ್ದ ಕಣೇ" ಅಂದಿದ್ದ. ಆಮೇಲೆ ಆ ಮಾತೇ ಎತ್ತಲಿಲ್ಲ. ಅಮ್ಮ ಕೇಳಿದ್ರೆ, "ಚೆನ್ನಾಗಿದೆ ಅಮ್ಮ, ಈಗ ಹೆದರಿಕೆ ಇಲ್ಲ" ಅಂತಿದ್ದ. ನಾವೂ ಅಷ್ಟಕ್ಕೇ ಬಿಟ್ವಿ.

ಸ್ಟ್ಯಾಂಡಿನಿಂದ ಎರಡು ದಾರಿ. ಎಡಕ್ಕೆ ಇಳಿಜಾರು, ಬಲಕ್ಕೆ ಸುತ್ತಿ ಬರೋ ಲಾರಿ ರಸ್ತೆ. ಅವತ್ತು ಬೆಳಿಗ್ಗೆ ಅಣ್ಣ ಲಾರಿ ರಸ್ತೆಯಲ್ಲಿದ್ದ. ತಿರುವಿನಲ್ಲಿ ಲಾರಿಯವನು ಪಕ್ಕಕ್ಕೆ ನೋಡಲಿಲ್ಲ. ಅಷ್ಟೇ. ಅದಕ್ಕಿಂತ ಹೆಚ್ಚು ನಾನು ಹೇಳಲಾರೆ, ಕೇಳಲೂಬೇಡಿ.

ಅತ್ತಿಗೆ ಆಗ ಆಫೀಸಿನಲ್ಲಿ ನಕ್ಷೆ ನೋಡ್ತಾ ಕೂತಿದ್ರು. ಲಾರಿ ರಸ್ತೆ ಮೇಲೆ ಒಂದು ಕೆಂಪು ಚುಕ್ಕೆ ಹುಟ್ಟಿತು. "ಅದೊಂದು ಏನು ನೋಡಿ" ಅಂತ ಪಕ್ಕದವನಿಗೆ ಹೇಳಿ ಟೀ ತರೋಕೆ ಎದ್ದು ಹೋದ್ರು. ಟೀ ಹಿಡ್ಕೊಂಡು ವಾಪಸ್ ಬರೋವಾಗ ಅವರಿಗೆ ನನ್ನ ಫೋನು ಬಂತು.

ಮಣ್ಣು ಮಾಡಿ ಬಂದ ದಿನದಿಂದ ಅಮ್ಮನದ್ದು ಒಂದೇ ಪ್ರಶ್ನೆ. ಊಟಕ್ಕೆ ಕೂತ್ರೆ ಅದೇ, ಮಾತಾಡಿಸೋಕೆ ಬಂದವರ ಹತ್ರ ಅದೇ, ಯಾರೂ ಇಲ್ಲದಿದ್ರೆ ಗೋಡೆ ಹತ್ರ ಅದೇ. "ಅವನು ಯಾಕೆ ಆ ಕಡೆ ಹೋದ? ಅವನಿಗೋಸ್ಕರ ತಾನೇ ಇಳಿಜಾರಿಗೆ ಮೂಗುದಾರ ಹಾಕ್ಸಿದ್ದು ನಾನು? ಅಲ್ಲಿ ಹೋಗಿದ್ರೆ ಬದುಕ್ತಿದ್ದ. ಯಾಕೆ ಆ ಕಡೆ ಹೋದ?" ರಾತ್ರಿ ನಿದ್ದೆ ಇಲ್ಲ, ಹೊಟ್ಟೆಗೆ ಹಿಟ್ಟಿಲ್ಲ, ಮೈ ಕರಗಿ ಕಡ್ಡಿ ಆಗಿದ್ಲು.

ಅತ್ತಿಗೆ ಮತ್ತೆ ಕೆಲಸಕ್ಕೆ ಹೋದ ವಾರವೇ ಒಂದು ಮಧ್ಯಾಹ್ನ ನನ್ನ ಅಂಗಡಿಗೆ ಬಂದ್ರು. ನಾನು ಯಾರದೋ ಕೋಟಿನ ಒಳಬಟ್ಟೆ ಬಿಚ್ಚುತ್ತಾ ಇದ್ದೆ. ಅವರು ಒಳಗೆ ಬಂದು ಷಟರ್ ಅರ್ಧ ಎಳೆದ್ರು.

"ನಿಮ್ಮಣ್ಣ ಯಾಕೆ ಆ ಕಡೆ ಹೋದ್ರು ಅಂತ ಗೊತ್ತಾಯ್ತು."

ಅಪಘಾತ ಆದ ಗಾಡಿ ನಡೆದ ದಾರಿಯನ್ನ ಕಂಪನಿಯವರು ಬೇರೆ ತೆಗೆದು ನೋಡ್ತಾರಂತೆ. ಅಣ್ಣನ ಗಾಡಿ ಮೊದಲು ಎಡಕ್ಕೇ ಹೋಗಿತ್ತು. ಗೆರೆಯೊಳಗೆ ಕಾಲಿಟ್ಟು, ನಿಧಾನ ಆಗಿ, ಅಲ್ಲೇ ವಾಪಸ್ ತಿರುಗಿ ಲಾರಿ ರಸ್ತೆಗೆ ಇಳಿದಿತ್ತು. ಅದನ್ನ ನೋಡಿದ ಮೇಲೆ ಅತ್ತಿಗೆ ಸ್ಟ್ಯಾಂಡಿನಿಂದ ಹೊರಟ ಬೇರೆ ಗಾಡಿಗಳ ದಾರಿಯನ್ನೂ ತೆಗೆದು ನೋಡಿದ್ರು. ಗೆರೆ ಎಳೆದ ಕೆಲವೇ ದಿನಕ್ಕೆ ಹೆಚ್ಚುಕಮ್ಮಿ ಎಲ್ಲರೂ ಹಾಗೇ ಮಾಡ್ತಿದ್ರು. ಬೆಳಿಗ್ಗೆ ಹೊತ್ತು ಯಾರಿಗೆ ತೆವಳಿಕೊಂಡು ಹೋಗೋ ತಾಳ್ಮೆ ಇರುತ್ತೆ?

"ಬೀಳೋದು ಸೊನ್ನೆ ಆಯ್ತು ಅಂತ ಕುಣಿದಾಡಿದೆ ಕಣೇ" ಅಂದ್ರು ಅತ್ತಿಗೆ. "ಆ ಬೀದಿಯಲ್ಲಿ ಓಡಾಡೋರೇ ಇಲ್ಲ ಅಂತ ನೋಡಲಿಲ್ಲ. ಸ್ಟ್ಯಾಂಡಿನಿಂದ ಗಾಡಿ ಮೊದಲಿನಷ್ಟೇ ಹೊರಡ್ತಿದ್ವು, ಹಾಗಾಗಿ ಎಲ್ಲ ಸರಿಯಿದೆ ಅಂದ್ಕೊಂಡೆ. ಎಲ್ಲಿಗೆ ಹೋದ್ರು ಅಂತ ಒಂದು ಸಲ, ಒಂದೇ ಒಂದು ಸಲ ತೆಗೆದು ನೋಡಿದ್ರೆ ಸಾಕಿತ್ತು."

"ಅಯ್ಯೋ, ಲಾರಿಯವನು ಕಣ್ಣು ಮುಚ್ಚಿಕೊಂಡು ಓಡಿಸಿದ್ರೆ ಅದಕ್ಕೆ ನೀವೇನು ಮಾಡ್ತೀರಿ?" ಅಂತ ನಾನು ರೇಗಿದೆ.

"ಲಾರಿಯವನದ್ದು ತಪ್ಪೇ. ಅವನ ಮುಂದೆ ತಗೊಂಡು ಹೋಗಿ ನಿಲ್ಲಿಸಿದ್ದು ನಾನು."

ನನಗೆ ಸಿಟ್ಟು ಬಂತು. ಸುಳ್ಳು ಯಾಕೆ ಹೇಳಲಿ, ಅವರ ಮೇಲೂ ಬಂತು. ನಮ್ಮಣ್ಣನ್ನ ತಿಂದಿದ್ದು ಇವರ ಗೆರೆ ಅಂತ ಒಂದು ಕ್ಷಣ ಅನ್ನಿಸಿ, ಕೈಯಲ್ಲಿದ್ದ ಕೋಟು ಬಿಸಾಕಿ ಎದ್ದು ನಿಂತೆ. ಆಮೇಲೆ ಅವರ ಮುಖ ನೋಡಿದೆ. ಕೆನ್ನೆ ಒಳಕ್ಕೆ ಹೋಗಿತ್ತು. ಬೈಯೋಕೆ ಅಲ್ಲಿ ಏನೂ ಉಳಿದಿರಲಿಲ್ಲ. ಕೂತ್ಕೊಳ್ಳಿ ಅಂತ ಸ್ಟೂಲು ಎಳೆದು ಕೊಟ್ಟೆ.

ಅವರು ಕೂರಲಿಲ್ಲ. "ಅತ್ತೆಗೆ ಇದು ಗೊತ್ತಾಗಬಾರದು" ಅಂದ್ರು. "ಮೂಗುದಾರ ಹಾಕ್ಸು ಅಂತ ಕೇಳಿದ್ದು ಅವರು. ತಾನು ಕೇಳಿ ಹಾಕ್ಸಿದ್ದೇ ಮಗನ್ನ ಆ ಕಡೆ ಕಳಿಸ್ತು ಅಂತ ತಿಳಿದ್ರೆ ಅವರು ಉಳಿಯಲ್ಲ. ಅವರು ಇರೋವರೆಗೂ ಬಾಯಿ ಬಿಡಲ್ಲ ಅಂತ ಮಾತು ಕೊಡು."

ಕೊಟ್ಟೆ. ಬಾಯಿಬಡುಕಿ ನಾನು, ಹೊಟ್ಟೆಯಲ್ಲಿ ಒಂದು ಮಾತು ನಿಲ್ಲಲ್ಲ ಅಂತ ಊರಿಗೇ ಗೊತ್ತು. ಅಂಥವಳ ಹತ್ರ ಮಾತು ತಗೊಂಡ್ರು ನೋಡಿ.

ಆದ್ರೆ ಅತ್ತಿಗೆ ಆಫೀಸಿನಲ್ಲೂ ಬಾಯಿ ಮುಚ್ಚಿಕೊಂಡು ಕೂರೋ ಹಾಗಿರಲಿಲ್ಲ. ಗೆರೆ ಇನ್ನೂ ಅಲ್ಲೇ ಇತ್ತು. ಜನ ಇನ್ನೂ ಲಾರಿ ರಸ್ತೆಯಲ್ಲೇ ಹೋಗ್ತಿದ್ರು. ಅತ್ತಿಗೆ ಆಫೀಸಿನಲ್ಲಿ ಎದ್ದು ನಿಂತು, ಗೋಡೆಯ ಮೇಲಿನ ಗ್ರಾಫು ಸುಳ್ಳು ಹೇಳ್ತಿದೆ, ಅದನ್ನ ಮಾಡಿದ್ದು ನಾನೇ, ತೆಗೀರಿ ಅಂದ್ರು. ಅವರ ಬಾಸು, ಒಳ್ಳೆಯ ಮನುಷ್ಯನೇ ಇರಬೇಕು, "ನೀವು ದುಃಖದಲ್ಲಿದ್ದೀರಿ, ರಜೆ ತಗೊಳ್ಳಿ, ಒಂದು ಅಪಘಾತ ನೋಡಿ ನಿಯಮ ಬದಲಾಯಿಸೋಕಾಗಲ್ಲ" ಅಂದನಂತೆ. ಅತ್ತಿಗೆ ಒಂದೊಂದೇ ಗಾಡಿ ತಿರುಗಿದ ದಾರಿಯನ್ನ ಪರದೆ ಮೇಲೆ ತೋರಿಸ್ತಾ ಹೋದ್ರು. ಕೊನೆಗೆ ಅಣ್ಣನದ್ದು. "ಇದು ನಮ್ಮೆಜಮಾನರು" ಅಂತ ಹೇಳಿ ತೋರಿಸಿದ್ರಂತೆ. ಆಮೇಲೆ ಲಾರಿ ರಸ್ತೆಗೆ ಗಾಡಿ ಹೋಗದ ಹಾಗೆ ಮಾಡಿದ್ರು, ಇಳಿಜಾರಲ್ಲಿ ತೆವಳೋ ಬದಲು ಹದವಾದ ವೇಗ ಇಟ್ರು, ತಿರುವಿನಲ್ಲಿ ಮಾತ್ರ ನಿಧಾನ.

ಸ್ಕೂಟರುಗಳು ಮತ್ತೆ ಇಳಿಜಾರಿಗೆ ಬಂದವು. ಅಮ್ಮ ನೋಡಿದ್ಲು.

ನಾನು ಆ ಸಂಜೆ ಅಮ್ಮನ ಮನೆಯಲ್ಲೇ ಇದ್ದೆ. ಅಮ್ಮ ಏದುಸಿರು ಬಿಡ್ತಾ ಒಳಗೆ ಬಂದು ಚೀಲ ಎಸೆದ್ಲು, ಟೊಮೆಟೊ ಎಲ್ಲ ನೆಲದ ತುಂಬ ಉರುಳಿದವು. "ಮೂಗುದಾರ ಬಿಚ್ಚಿದ್ದೀಯಾ? ನನ್ನ ಮಗ ಹೋದ ಮೇಲೆ ಇನ್ನು ಯಾರು ಸತ್ರೆ ನಿಂಗೇನು, ಅಲ್ವಾ?"

ಅತ್ತಿಗೆ ಬಗ್ಗಿ ಟೊಮೆಟೊ ಆರಿಸ್ತಾ ಇದ್ರು.

"ಯಾಕೆ ಬಿಚ್ಚಿದೆ ಹೇಳು. ಚೆನ್ನಾಗೇ ಇತ್ತಲ್ಲ? ಯಾರೂ ಬೀಳ್ತಿರಲಿಲ್ಲ. ಯಾರೂ..." ಅಮ್ಮ ಅಲ್ಲಿಗೇ ನಿಲ್ಲಿಸಿದ್ಲು. ಅವಳೇನು ದಡ್ಡಿಯಲ್ಲ, ಓದಿಲ್ಲದಿದ್ರೂ ತಲೆ ಚುರುಕು. ಅವಳ ಕಣ್ಣು ಸಣ್ಣ ಆಯ್ತು. ದನಿ ಇಳೀತು. "ಯಾರೂ ಹೋಗ್ತಾನೇ ಇರಲಿಲ್ಲ. ಈಗ ನೆನೆಸ್ಕೊಂಡ್ರೆ ಬೀದಿ ಖಾಲಿ ಇರೋದು. ಅವನು... ಅವನೂ ನಿಧಾನ ಅಂತ ಬೇಜಾರಾಗಿ ಆ ಕಡೆ ಹೋದ್ನೇನೇ? ನಾನು ಕೇಳಿ ಹಾಕ್ಸಿದ್ದಕ್ಕೆ?"

ಅತ್ತಿಗೆ ತಲೆ ಎತ್ತಿದ್ರು.

"ಇಲ್ಲ ಅತ್ತೆ. ನಾನು ಕಳಿಸಿದ್ದೆ."

"ಏನು?"

"ಲಾರಿ ರಸ್ತೆಯಲ್ಲಿ ಚಪ್ಪಲಿ ರಿಪೇರಿಗೆ ಕೊಟ್ಟಿದ್ದೆ. ಹೋಗ್ತಾ ಇಸ್ಕೊಳ್ಳಿ ಅಂದಿದ್ದೆ. ಇಲ್ಲದಿದ್ರೆ ಅವರು ಇಳಿಜಾರಲ್ಲೇ ಹೋಗ್ತಿದ್ರು. ಹೇಳೋಕೆ ಧೈರ್ಯ ಬರಲಿಲ್ಲ."

ಯಾವ ಚಪ್ಪಲಿ? ಯಾವ ರಿಪೇರಿ? ಕಾಲಲ್ಲಿರೋದು ಹರಿದು ಹೋಗೋವರೆಗೂ ಅದನ್ನೇ ಎಳೆಯೋ ಹೆಂಗಸು ಅವರು. ಮುಖ ಒಂದಿಷ್ಟೂ ಅಲುಗದೆ ಹೇಳಿಬಿಟ್ರು. ನಾನು ಬಾಯಿ ತೆಗೆದೆ, ಅವರು ನನ್ನ ಕಡೆ ಒಂದು ನೋಟ ನೋಡಿದ್ರು. ಮುಚ್ಚಿಕೊಂಡೆ.

ಅಮ್ಮ ಸೊಸೆಯ ಕಾಲು ನೋಡಿದ್ಲು. "ಚಪ್ಪಲಿಗೆ" ಅಂದ್ಲು. "ನಿನ್ನ ಒಂದು ಜೊತೆ ಚಪ್ಪಲಿಗೆ ನನ್ನ ಮಗ." ಆಮೇಲೆ ಬೈದದ್ದನ್ನೆಲ್ಲ ನಾನು ಇಲ್ಲಿ ಹೇಳಲ್ಲ. ಹೆತ್ತವಳು, ಬಾಯಿಗೆ ಬಂದದ್ದು ಬೈದ್ಲು. ನನ್ನ ಕಣ್ಣಿಗೆ ಬೀಳಬೇಡ, ಹೊರಡು ಅಂದ್ಲು. ಅತ್ತಿಗೆ ಟೊಮೆಟೊ ಎಲ್ಲ ತೊಳೆದು ಬುಟ್ಟಿಗೆ ಹಾಕಿಟ್ಟು, ಸೂಟ್‌ಕೇಸು ತುಂಬಿಕೊಂಡು ಹೊರಟ್ರು.

ಬಸ್ ಸ್ಟಾಪಿನವರೆಗೂ ಅವರ ಹಿಂದೆ ಓಡಿದೆ. "ನಿಮಗೇನು ಹುಚ್ಚಾ ಅತ್ತಿಗೆ? ಇಂಥ ಸುಳ್ಳು ಯಾರಾದ್ರೂ ತಲೆ ಮೇಲೆ ಎಳೆದ್ಕೊಳ್ತಾರಾ?"

"ನನ್ನ ಮೇಲೆ ಸಿಟ್ಟು ಬಂದ್ರೆ ಅವರು ಊಟ ಮಾಡ್ತಾರೆ ಕಣೇ. ಅವರ ಮೇಲೇ ಅವರಿಗೆ ಸಿಟ್ಟು ಬಂದ್ರೆ ಏನಾಗುತ್ತೆ ಅಂತ ನಂಗೆ ಚೆನ್ನಾಗಿ ಗೊತ್ತು. ಇಷ್ಟು ದಿನ ಅದನ್ನೇ ತಿಂತಿದ್ದೀನಲ್ಲ."

ಅವರು ಹೇಳಿದ ಹಾಗೇ ಆಯ್ತು. ಅಮ್ಮ ಅವತ್ತು ಬೈತಾ ಬೈತಾ ತಟ್ಟೆ ತುಂಬ ಊಟ ಮಾಡಿದ್ಲು. ನಿದ್ದೆಯೂ ಬಂತು. ಯಾಕೆ ಆ ಕಡೆ ಹೋದ ಅಂತ ಮತ್ತೆಂದೂ ಕೇಳಲಿಲ್ಲ. ಕೇಳಿದವರಿಗೆಲ್ಲ ಚಪ್ಪಲಿ ಕಥೆ ಹೇಳಿದ್ಲು, ನೆಂಟರು ಅದಕ್ಕೆ ಒಗ್ಗರಣೆ ಹಾಕಿ ಊರು ತುಂಬ ಹಂಚಿದ್ರು.

ಅತ್ತಿಗೆ ಊರಿನ ಇನ್ನೊಂದು ತುದಿಯಲ್ಲಿ ಒಂಟಿ ಕೋಣೆ ಹಿಡಿದ್ರು. ಕೆಲಸ ಬಿಡಲಿಲ್ಲ. ಆದ್ರೆ ಒಂದು ಹೊಸ ಅಭ್ಯಾಸ ಬಂತು. ಪರದೆಯಲ್ಲಿ ಏನಾದ್ರೂ ತುಂಬ ಚೆನ್ನಾಗಿ ಕಂಡ್ರೆ ಸಾಕು, ಆ ಬೀದಿಗೇ ಹೋಗಿ ನಿಂತು ನೋಡಿ ಬರೋದು. ಮಳೆ ಬರಲಿ, ಬಿಸಿಲು ಬರಲಿ. ಹೋಗ್ತಾ ಬರ್ತಾ ನನ್ನ ಅಂಗಡಿಗೆ ಬಂದು, "ಅತ್ತೆ ಹೇಗಿದ್ದಾರೆ? ಮಂಡಿನೋವು ಕಮ್ಮಿ ಆಯ್ತಾ?" ಅಂತ ಕೇಳೋರು. ಚಳಿಗಾಲಕ್ಕೆ ಕಾಲುಚೀಲ, ಹೊದಿಕೆ ತಂದು ಕೊಟ್ಟು, ನೀನೇ ಕೊಂಡಿದ್ದು ಅಂತ ಹೇಳು ಅನ್ನೋರು. ನಾನು ಹಾಗೇ ಹೇಳ್ತಿದ್ದೆ. ಅಮ್ಮ ಹಾಕ್ಕೊಂಡು, "ನನ್ನ ಮಗಳು ನೋಡು" ಅಂತ ಹೊಗಳೋಳು. ಆಗ ನಂಗೆ ಎಲ್ಲಾದ್ರೂ ಹೋಗಿ ತಲೆ ಚಚ್ಚಿಕೊಳ್ಳಬೇಕು ಅನ್ನಿಸೋದು.

ಹೋದ ವರ್ಷ ಅಮ್ಮ ಹಾಸಿಗೆ ಹಿಡಿದ್ಲು. ಇನ್ನು ಏಳಲ್ಲ ಅಂತ ಅವಳಿಗೂ ಗೊತ್ತು, ನಂಗೂ ಗೊತ್ತು. ಒಂದು ಬೆಳಿಗ್ಗೆ ಗಂಜಿ ಕುಡಿಸ್ತಿದ್ದಾಗ ನನ್ನ ಕೈ ತಡೆದ್ಲು.

"ಅವಳಿಗೆ ಒಂದು ಮಾತು ಹೇಳಿ ಬಾ" ಅಂದ್ಲು. ಹೆಸರು ಹೇಳದೇ ಇದ್ರೂ ಯಾರಿಗೆ ಅಂತ ತಿಳೀತು. "ಅವಳೇನು ಬೇಕಂತ ಕಳಿಸಿದ್ಲಾ? ಚಪ್ಪಲಿ ತಗೊಂಡು ಬನ್ನಿ ಅನ್ನೋದು ಯಾವ ಮನೆಯಲ್ಲಿಲ್ಲ? ನಾನು ಮನಸ್ಸಿಂದ ತೆಗೆದುಹಾಕಿದ್ದೀನಿ, ಕ್ಷಮಿಸಿದ್ದೀನಿ ಅಂತ ಹೇಳು. ಬರೋದಾದ್ರೆ ಬರಲಿ."

ಮಾತು ಗಂಟಲವರೆಗೂ ಬಂತು. ಅಮ್ಮ, ಚಪ್ಪಲಿನೂ ಇಲ್ಲ ಏನೂ ಇಲ್ಲ, ಅವರು ನಿನ್ನನ್ನ ಉಳಿಸೋಕೆ ಹಾಗೆ ಹೇಳಿದ್ದು ಅಂತ. ಹೇಳಿದ್ರೆ ಏನು ಹೇಳಿದ ಹಾಗಾಗುತ್ತೆ ಅಂತಾನೂ ಗೊತ್ತಿತ್ತು. ಗಂಜಿ ಬಟ್ಟಲು ಕೆಳಗಿಟ್ಟು, ಹೂಂ ಅಂದೆ.

ಅತ್ತಿಗೆ ಕೋಣೆಯಲ್ಲಿ ಬಟ್ಟೆ ಇಸ್ತ್ರಿ ಮಾಡ್ತಿದ್ರು. ನಾನು ಬಾಗಿಲಲ್ಲೇ ನಿಂತು, "ಅಮ್ಮ ನಿಮ್ಮನ್ನ ಕ್ಷಮಿಸಿದ್ದಾಳಂತೆ" ಅಂದೆ.

ಅವರು ಇಸ್ತ್ರಿಪೆಟ್ಟಿಗೆ ನಿಲ್ಲಿಸಿದ್ರು. ಅಣ್ಣ ಇದ್ದಾಗಿನ ಮುಖ ಒಂದು ಕ್ಷಣ ಅವರಿಗೆ ವಾಪಸ್ ಬಂತು. ಅಷ್ಟು ವರ್ಷಗಳಲ್ಲಿ ನಾನು ಅದನ್ನ ನೋಡೇ ಇರಲಿಲ್ಲ.

"ಗೊತ್ತಾಯ್ತಾ ಅವರಿಗೆ? ಗೆರೆ ವಿಷಯ? ಗೊತ್ತಾಗಿಯೂ ಕ್ಷಮಿಸಿದ್ರಾ?"

"ಇಲ್ಲ ಅತ್ತಿಗೆ. ಚಪ್ಪಲಿಗೆ."

"ಓ" ಅಂದ್ರು. "ಚಪ್ಪಲಿಗಾ."

ಅಲ್ಲೇ ಮಂಚದ ಮೇಲೆ ಕೂತುಬಿಟ್ರು. ಅಣ್ಣನ ದೇಹ ಮನೆಗೆ ಬಂದ ದಿನವೂ ಅಳದೇ ಇದ್ದ ಹೆಂಗಸು ಅವತ್ತು ಅತ್ರು. ನಾನು ಪಕ್ಕದಲ್ಲಿ ಕೂತು ಬೆನ್ನು ಸವರಿದೆ. ಬನ್ನಿ, ಒಂದು ಸಲ ನೋಡಿ ಹೋಗಿ ಅಂತ ಎಷ್ಟು ಕರೆದ್ರೂ ಬರಲಿಲ್ಲ. "ಎದುರಿಗೆ ನಿಂತ್ರೆ ಹೇಳಿಬಿಡ್ತೀನಿ ಕಣೇ, ನನ್ನ ಬಾಯಿ ಮೇಲೆ ನಂಗೇ ನಂಬಿಕೆ ಇಲ್ಲ" ಅಂದ್ರು. ಆಮೇಲೆ ಕಣ್ಣೊರೆಸಿಕೊಂಡು, "ನನಗೆ ತುಂಬ ಸಮಾಧಾನ ಆಯ್ತು ಅಂತ ಅತ್ತೆಗೆ ಹೇಳು" ಅಂದ್ರು.

ನಾನು ಹೋಗಿ ಹಾಗೇ ಹೇಳಿದೆ. "ಪಾಪ" ಅಂದ್ಲು ಅಮ್ಮ, "ಎಷ್ಟು ದಿನದಿಂದ ಕಾಯ್ತಿದ್ಲೋ." ಇನ್ನೆರಡು ಗುಟುಕು ಗಂಜಿ ಕುಡಿದು, ಆ ಕಡೆಗೆ ತಿರುಗಿ ಮಲಗಿದ್ಲು.